ಬಚ್ಚಲಲ್ಲಿ ಅಳೆದ ಸಮುದ್ರ

ತಣ್ಣೀರು ಸೋಕಿದರೆ ನನ್ನ ಮೈಮೇಲೆ ಗಂಧೆ ಏಳುತ್ತದೆ. ಈಗಲೂ ಏಳುತ್ತದೆ; ಆದರೆ ಈಗ ನನ್ನ ಬಚ್ಚಲಿಗೆ ನಾನೇ ಯಜಮಾನಿ, ಗೀಸರಿನ ಸ್ವಿಚ್ಚು ನನ್ನ ಕೈಯಲ್ಲಿದೆ, ಯಾರನ್ನೂ ಕೇಳಬೇಕಾಗಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಹಾಗಿರಲಿಲ್ಲ. ಮಾದನಾಯಕನಹಳ್ಳಿಯಲ್ಲಿ ಮೂರು ಮನೆಗಳ ಒಂದು ಸಾಲು, ಅದರಲ್ಲಿ ನಡುವಿನ ಮನೆಗೆ ನಾವು ಬಾಡಿಗೆಗಿದ್ದೆವು. ಮುಂದೊಂದು ಕೋಣೆ, ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ತಗಡು ಹೊದಿಸಿದ ಬಚ್ಚಲು. ಬೆಳಿಗ್ಗೆ ಯಾರು ಮೊದಲು ಏಳಬೇಕು, ಹಂಡೆಗೆ ಎಷ್ಟು ಹೊತ್ತಿಗೆ ಉರಿ ಹಾಕಬೇಕು, ಕಿಟಕಿ ತೆಗೆಯಬೇಕೋ ಬೇಡವೋ, ಅಷ್ಟೇ ಯಾಕೆ, ಅಪ್ಪ ಅಮ್ಮ ಆ ದಿನ ಮುಖ ಕೊಟ್ಟು ಮಾತಾಡಬೇಕೋ ಪಾತ್ರೆ ಕುಕ್ಕಿ ಮಾತಾಡಬೇಕೋ, ಎಲ್ಲವನ್ನೂ ನನ್ನ ಚರ್ಮವೇ ತೀರ್ಮಾನ ಮಾಡುತ್ತಿತ್ತು. ಒಂದು ಹುಡುಗಿಯ ಚರ್ಮಕ್ಕೆ ಅಷ್ಟೊಂದು ದರ್ಬಾರು ಕೊಡಬಾರದಿತ್ತು ಅಂತ ಈಗ ಅನಿಸುತ್ತದೆ. ಆಗ ನನಗೆ ಅದು ಭಯವನ್ನೇ ಹುಟ್ಟಿಸುತ್ತಿತ್ತು.

ಶುರುವಾಗಿದ್ದು ಧನುರ್ಮಾಸದ ಒಂದು ಬೆಳಿಗ್ಗೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ನನ್ನ ಕೆಲಸವಾಗಿತ್ತು. ಸಂಪಿನಿಂದ ಎತ್ತಿದ ನೀರು ಕೈ ಕೊರೆಯುತ್ತಿತ್ತು. ರಂಗೋಲಿ ಮುಗಿಯುವಷ್ಟರಲ್ಲಿ ನನ್ನ ಬೆರಳುಗಳು ಏಲಕ್ಕಿ ಬಾಳೆಹಣ್ಣಿನ ಗಾತ್ರಕ್ಕೆ ಊದಿಕೊಂಡು, ಮೊಣಕೈವರೆಗೆ ಕೆಂಪು ಗಂಧೆ ಎದ್ದು, ಕೆರೆದಷ್ಟೂ ನವೆ ಹೆಚ್ಚಿ ನಾನು ಅಳತೊಡಗಿದೆ. ಮೊದಲು ಓಡಿ ಬಂದವರು ಮನೆ ಓನರ್ ಗೌರಮ್ಮ. ಅದೇ ಊರಿನಲ್ಲಿ ಹುಟ್ಟಿ ಅದೇ ಊರಿಗೆ ಸೊಸೆಯಾಗಿದ್ದ ಅವರು ಸಾಲಿನ ಮೊದಲ ಮನೆಯಲ್ಲಿದ್ದರು.

"ಅಯ್ಯೋ ಉಡ್ಗೀ, ಇದು ಪಿತ್ತದ ಗಂಧೆ ಕಣೇ. ಅಂಗೆ ಕೆರ್ಕೋಬ್ಯಾಡ, ತಡಿ."

ಕರಿಕಂಬಳಿ ತಂದು ಗಸಗಸ ಉಜ್ಜಿದರು, ದೊಡ್ಡಪತ್ರೆ ಹಿಂಡಿ ರಸ ಬಳಿದರು. ಅರ್ಧ ಗಂಟೆಗೆ ಇಳಿಯಿತು. ಮಾರನೇ ದಿನ ನೀರು ಮುಟ್ಟಿದಾಗ ಮತ್ತೆ ಎದ್ದಿತು. ಹೀಗೆ ನಾಲ್ಕು ದಿನ ಆದ ಮೇಲೆ ಅಪ್ಪ ಅಮ್ಮ ಇಬ್ಬರೂ ನನ್ನನ್ನು ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಒಂದು ಐಸ್ ತುಂಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಮುಂಗೈ ಮೇಲಿಟ್ಟು ಗಡಿಯಾರ ನೋಡುತ್ತ ಕೂತರು. ತೆಗೆದು ಸ್ವಲ್ಪ ಹೊತ್ತಾದ ಮೇಲೆ ಐಸ್ ಇದ್ದ ಜಾಗದಲ್ಲಿ, ಅದೇ ಆಕಾರದಲ್ಲಿ, ಚೌಕವಾಗಿ ಗಂಧೆ ಎದ್ದಿತು. ಅಪ್ಪ ಅದನ್ನು ಬೆರಗಿನಿಂದ ನೋಡಿದರು. ಅಮ್ಮ ಮಾತ್ರ ಮುಖ ತಿರುಗಿಸಿದಳು.

"ಇವಳಿಗೆ ತಂಪಿನ ಅಲರ್ಜಿ. ದಿನಾ ಒಂದು ಮಾತ್ರೆ ಕೊಡಿ, ಬಿಸಿನೀರು ಬಳಸಲಿ, ಬದುಕಿಗೇನೂ ತೊಂದ್ರೆ ಇಲ್ಲ. ಆದ್ರೆ ಈಜೋಕೆ ಮಾತ್ರ ಬಿಡಬೇಡಿ. ಇಡೀ ಮೈ ಒಟ್ಟಿಗೇ ತಂಪಾದ್ರೆ ಬಿ.ಪಿ. ಇಳಿದು ತಲೆ ಸುತ್ತಿ ಬೀಳಬಹುದು. ನೆಲದ ಮೇಲೆ ಬಿದ್ರೆ ಎತ್ತಬಹುದು, ನೀರಲ್ಲಿ ಬಿದ್ರೆ?"

ಆ 'ನೀರಲ್ಲಿ ಬಿದ್ರೆ' ಅನ್ನುವುದನ್ನು ಅಮ್ಮ ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು. ಅಪ್ಪನ ತಲೆಯಲ್ಲಿ ಉಳಿದದ್ದು ಬೇರೆ ಪ್ರಶ್ನೆ. ತಂಪು ಅಂದರೆ ಎಷ್ಟು ತಂಪು? ಅಪ್ಪ ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದರು. ಗೇರು, ಶಾಫ್ಟುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆ ತೊಟ್ಟಿಗೆ ಅದ್ದಿ ಗಟ್ಟಿ ಮಾಡುವ ಕೆಲಸ. ಎಷ್ಟು ಡಿಗ್ರಿಗೆ ಕಾಯಿಸಿದರು, ಎಷ್ಟು ಹೊತ್ತು ಬಿಟ್ಟರು, ಎಷ್ಟು ಬೇಗ ತಣಿಸಿದರು ಅನ್ನುವುದರ ಮೇಲೆ ಕಬ್ಬಿಣದ ಹಣೆಬರಹ ನಿಂತಿರುತ್ತದೆ ಅನ್ನುತ್ತಿದ್ದರು. ಅವರ ಬನಿಯನ್ನಿನಿಂದ ಹಿಡಿದು ಟಿಫಿನ್ ಬಾಕ್ಸಿನವರೆಗೆ ಸುಟ್ಟ ಎಣ್ಣೆಯ ವಾಸನೆ. ಡಾಕ್ಟರ ಬಳಿ ಹೋಗಿ ಬಂದ ವಾರದಲ್ಲೇ ಶೆಡ್ಡಿನಲ್ಲಿ ಮೂಲೆಗೆ ಬಿದ್ದಿದ್ದ, ಬಿಸಿ ಅಳೆಯುವ ಒಂದು ಡಿಜಿಟಲ್ ಮೀಟರನ್ನು ಕೇಳಿ ತಂದು, ಅದರ ವೈರಿನ ತುದಿಯನ್ನು ನನ್ನ ಸ್ನಾನದ ಬಕೆಟ್ಟಿಗೆ ಇಳಿಬಿಟ್ಟರು. ಅಂದಿನಿಂದ ಮೀಟರು ಮೂವತ್ತೆಂಟು ತೋರಿಸದೆ ನನಗೆ ಸ್ನಾನವಿಲ್ಲ. ಹೈವೇ ಬದಿಯ ಗೋಡೌನುಗಳಲ್ಲಿ ಬಿಸಾಡುತ್ತಿದ್ದ ಪ್ಯಾಕಿಂಗ್ ಮರದ ಚೂರುಗಳನ್ನು ಅಪ್ಪ ಸೈಕಲ್ಲಿನಲ್ಲಿ ಹೇರಿಕೊಂಡು ಬರುವರು, ಅಮ್ಮ ಐದಕ್ಕೆ ಎದ್ದು ಅದರಲ್ಲೇ ಹಂಡೆ ಕಾಯಿಸುವಳು.

ಅಮ್ಮ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಸೆಕ್ಷನ್ನಿನಲ್ಲಿದ್ದಳು. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರವಿ, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ದಾರ ನೇತಾಡುತ್ತಿದೆ ಅಂತ ಹುಡುಕಿ ವಾಪಸ್ ಎಸೆಯುವುದು ಅವಳ ಕೆಲಸ. ಮನೆಗೆ ಬಂದ ಮೇಲೂ ಅದೇ ಕಣ್ಣು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ನನ್ನ ಕೈ ತಿರುಗಿಸಿ ನೋಡುವಳು, ಕುತ್ತಿಗೆ ನೋಡುವಳು, ಕಿವಿಯ ಹಿಂದೆ ನೋಡುವಳು. ಒಂದೇ ಒಂದು ಕೆಂಪು ಕಂಡರೂ ಸಾಕು, ಶುರು.

"ಏನ್ರೀ ಇದು? ತಣ್ಣೀರಲ್ಲಿ ಕೈ ತೊಳೆಸಿದ್ರಾ?"

"ನಾನ್ಯಾಕೆ ತೊಳೆಸ್ಲಿ? ಬೆಳಿಗ್ಗೆ ಕಿಟಕಿ ತೆಗೆದಿಟ್ಟು ಹೋದೋಳು ನೀನು."

"ಹೌದು, ಎಲ್ಲದಕ್ಕೂ ನಾನೇ. ನಿಮ್ಮ ಕಡೆಯೋರ ರಕ್ತ ಹಿಂಗಿರೋದಕ್ಕೂ ನಾನೇ."

ಅಲ್ಲಿಂದ ಮುಂದೆ ಅದು ನನ್ನ ಚರ್ಮದ ಜಗಳವಾಗಿ ಉಳಿಯುತ್ತಿರಲಿಲ್ಲ. ಮದುವೆಯಾದ ಹೊಸದರ ಸಂಗತಿಗಳು ಬರುತ್ತಿದ್ದವು, ನಾನು ಕಂಡರಿಯದ ನೆಂಟರ ಹೆಸರುಗಳು ಬರುತ್ತಿದ್ದವು. ಅಮ್ಮ ಅನ್ನ ಬಡಿಸಿ ತಟ್ಟೆಯನ್ನು ನೆಲಕ್ಕೆ ಕುಕ್ಕುವಳು, ಅಪ್ಪ ಉಣ್ಣದೆ ಎದ್ದು ಹೋಗುವರು, ನಾನು ಸಾರಿನಲ್ಲಿ ಅನ್ನ ಕಲಸುತ್ತಾ ಕೂತಿರುವೆ. ಮಕ್ಕಳಿಗೆ ಲೆಕ್ಕ ಬೇಗ ಬರುತ್ತದೆ. ಗಂಧೆ ಕಂಡರೆ ಜಗಳ, ಕಾಣದಿದ್ದರೆ ಊಟ. ಒಂದೆರಡು ತಿಂಗಳಲ್ಲಿ ನಾನು ಕೈ ಮುಚ್ಚಿಕೊಳ್ಳುವುದನ್ನು ಕಲಿತೆ. ಅಮ್ಮ ಬರುವ ಹೊತ್ತಿಗೆ ತುಂಬುತೋಳಿನ ಸ್ವೆಟರ್ ಹಾಕಿಕೊಂಡಿರುವುದು, ಗಂಧೆಯನ್ನು ಕದ್ದು ಕಂಬಳಿಗೆ ಉಜ್ಜಿ ಇಳಿಸುವುದು, ನವೆಯಾದರೆ ಕೆರೆಯದೆ ಬೆರಳನ್ನು ಬೆರಳಿಗೆ ಒತ್ತಿ ಹಿಡಿಯುವುದು. ಇದರಲ್ಲಿ ನಾನು ಎಂಥ ಪಳಗಿದ ಕಳ್ಳಿಯಾದೆ ಅಂದರೆ, ದೇಶಕ್ಕೆಲ್ಲ ಹೋಗುವ ಅಂಗಿಗಳ ತಪ್ಪು ಹಿಡಿಯುತ್ತಿದ್ದ ಅಮ್ಮನಿಗೆ ನನ್ನ ಕೈ ಹಿಡಿಯಲಾಗುತ್ತಿರಲಿಲ್ಲ.

ಆ ವರ್ಷ ಸ್ಕೂಲಿನವರು ಸಮುದ್ರ ತೋರಿಸಲು ಮಕ್ಕಳನ್ನು ಟೂರು ಕರೆದುಕೊಂಡು ಹೋದರು. ಅಮ್ಮ ಸಹಿ ಹಾಕಲಿಲ್ಲ. ನನ್ನ ಕ್ಲಾಸಿನವರೆಲ್ಲ ವಾಪಸ್ ಬಂದು ಒಂದು ವಾರ ಬೇರೆ ಮಾತೇ ಆಡಲಿಲ್ಲ. ಅಲೆ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತದಂತೆ, ನಿಂತಲ್ಲೇ ನಿಂತಿದ್ದರೂ ಹಿಂದಕ್ಕೆ ಜಾರಿದ ಹಾಗಾಗುತ್ತದಂತೆ. ಮನೆಗೆ ಬಂದು ಚಾಪೆಯ ಮೇಲೆ ಬೋರಲು ಬಿದ್ದು ಅತ್ತೆ. ನನಗೆ ಸಮುದ್ರ ಬೇಕಿತ್ತು. ದೂರದಿಂದ ನೋಡುವುದಲ್ಲ, ಇಳಿಯುವುದೇ ಬೇಕಿತ್ತು. ಅಪ್ಪ ಬಂದು ಪಕ್ಕದಲ್ಲಿ ಕೂತರು.

"ಅಳಬೇಡ ಪುಟ್ಟಿ. ನೀರು ಅಂದ್ರೆಲ್ಲಾ ತಣ್ಣೀರಲ್ಲ. ಸಮುದ್ರ ಎಷ್ಟು ಬಿಸಿ ಇರುತ್ತೆ ಅಂತ ನೋಡೋಣ, ಆಮೇಲೆ ಹೋಗೋಣ."

ಮಾರನೇ ದಿನ ಬಸ್ ಸ್ಟಾಪಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಒಂದು ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದರು. ನಮ್ಮ ಕರಾವಳಿಯ ಸಮುದ್ರದ ನೀರು ಯಾವ ತಿಂಗಳಲ್ಲಿ ಎಷ್ಟು ಡಿಗ್ರಿ ಅಂತ ಅದರಲ್ಲಿತ್ತು. ಅಪ್ಪ ಅದನ್ನು ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿ, ಪರೀಕ್ಷೆಗೆ ಓದುವವರ ಹಾಗೆ ಓದಿದರು. ಸಮುದ್ರಕ್ಕೆ ಡಿಸೆಂಬರಿಗಿಂತ ಮಳೆಗಾಲದಲ್ಲೇ ಜಾಸ್ತಿ ತಂಪು, ಅಡಿಯ ತಣ್ಣೀರು ಮೇಲಕ್ಕೆ ಬರುತ್ತದೆ, ಆಗಸ್ಟಿನ ಹೊತ್ತಿಗೆ ಇಪ್ಪತ್ತೇಳರ ಆಸುಪಾಸಿಗೆ ಇಳಿಯುತ್ತದೆ ಅನ್ನುವುದು ಅವರಿಗೆ ದೊಡ್ಡ ಅಚ್ಚರಿ. ದಸರಾ ರಜೆಯಲ್ಲಿ ಪರವಾಗಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಮೂವತ್ತು! ಅಷ್ಟು ಬಿಸಿ ನಮ್ಮ ಸಂಪಿನ ನೀರಿಗೆ ಯಾವ ಕಾಲದಲ್ಲೂ ಇರುತ್ತಿರಲಿಲ್ಲ. ಮೇ ಕೊನೆಗೆ ಅಲೆ ಜೋರಾಗುತ್ತದೆ, ಹಾಗಾಗಿ ಮೊದಲ ವಾರ ಅಂತ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತು ಹಾಕಿದರು.

"ಆ ಕಾಗದಕ್ಕೇನ್ರೀ ಗಂಧೆ ಏಳೋದು? ಏಳೋದು ಇವಳಿಗೆ."

ಅಮ್ಮ ಅಷ್ಟೇ ಅಂದು ಒಳಗೆ ಹೋದಳು. ಆದರೆ ಆ ಮಾತು ಅಪ್ಪನಿಗೆ ತಟ್ಟಿತು. ಸಮುದ್ರದ ಡಿಗ್ರಿ ಗೊತ್ತಾಯಿತು, ಮಗಳ ಡಿಗ್ರಿ ಗೊತ್ತಾಗಬೇಕು.

ಮಾರ್ಚಿನ ಒಂದು ಭಾನುವಾರ, ಅಮ್ಮ ಓವರ್‌ಟೈಮ್ ಕೆಲಸಕ್ಕೆ ಹೋಗಿದ್ದಾಗ, ಅಪ್ಪ ನನ್ನನ್ನು ಬಚ್ಚಲಿಗೆ ಕರೆದರು. ಬಕೆಟ್ಟಿನ ಮುಂದೆ ಮಣೆ ಹಾಕಿದ್ದರು. ಮೀಟರಿನ ವೈರು ನೀರಿನಲ್ಲಿತ್ತು. ಶೆಡ್ಡಿನಲ್ಲಿ ಕುಲುಮೆಯ ಲೆಕ್ಕ ಬರೆಯುವ ಒಂದು ಹಳೆಯ ಜಾಬ್ ಕಾರ್ಡಿನ ಬೆನ್ನಿಗೆ ಗೆರೆ ಎಳೆದಿಟ್ಟುಕೊಂಡಿದ್ದರು. ಮಣಿಕಟ್ಟಿನವರೆಗೆ ಒಂದು ಕೈ ಅದ್ದಿ ಹತ್ತು ನಿಮಿಷ ಇರಬೇಕು, ತೆಗೆದು ಹತ್ತು ನಿಮಿಷ ಕಾಯಬೇಕು, ಆಮೇಲೆ ಒಂದು ಚೊಂಬು ತಣ್ಣೀರು ಸುರಿದು ಇನ್ನೊಂದು ಕೈ. ಮೂವತ್ತೆರಡರಲ್ಲಿ ಏನೂ ಇಲ್ಲ. ಮೂವತ್ತೊಂದರಲ್ಲಿ ಏನೂ ಇಲ್ಲ. ಇಪ್ಪತ್ತೊಂಬತ್ತಕ್ಕೆ ಬಂದಾಗ ಅಂಗೈಯಲ್ಲಿ ಇರುವೆ ಹರಿದ ಹಾಗಾಯಿತು. ಹೇಳಲು ಬಾಯಿ ತೆರೆದೆ. ಅಪ್ಪನ ಮುಖ ನೋಡಿದೆ. ಎಷ್ಟೋ ತಿಂಗಳಿಂದ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

"ಏನಾದ್ರೂ ಅನ್ನಿಸ್ತಿದೆಯಾ?"

"ಇಲ್ಲಪ್ಪ."

ಇಪ್ಪತ್ತೇಳರಲ್ಲಿ ಬೆರಳ ಸಂದಿಯಲ್ಲಿ ನವೆ ಉರಿಯಿತು, ಮಣಿಕಟ್ಟಿನ ಒಳಭಾಗದಲ್ಲಿ ಎರಡು ಗಂಧೆ ಎದ್ದವು. ನಾನು ಕೈಯನ್ನು ಬೋರಲು ಮಾಡಿ ತೊಡೆಯ ಮೇಲೆ ಇಟ್ಟುಕೊಂಡೆ. ಅಪ್ಪ ಮುಂಗೈ ನೋಡಿದರು, ಬೆರಳು ನೋಡಿದರು, ಕಾರ್ಡಿನಲ್ಲಿ 'ಓಕೆ' ಅಂತ ಬರೆದರು. ಇಪ್ಪತ್ತೈದರಲ್ಲಿ ಮಾತ್ರ ಇಡೀ ಕೈ ಕೆಂಪಾಗಿ ಊದಿತು, ಮುಚ್ಚಲಾಗಲಿಲ್ಲ. ಅದನ್ನು ಕಂಡು ಅಪ್ಪನಿಗೆ ಬೇಸರದ ಬದಲು ನೆಮ್ಮದಿಯಾಯಿತು.

"ನೋಡು, ಗೆರೆ ಸಿಕ್ತು! ಇಪ್ಪತ್ತೇಳು ನಿನ್ ಗೆರೆ. ಸಮುದ್ರ ಮೂವತ್ತು. ಮೂರು ಡಿಗ್ರಿ ಕೈಯಲ್ಲಿದೆ ಕಣಮ್ಮ, ಮೂರು ಡಿಗ್ರಿ!"

ಆ ಮೂರು ಡಿಗ್ರಿ ಇಲ್ಲವೆಂದು ಇಡೀ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಸಮುದ್ರ ಅಷ್ಟು ಬೇಕಾಗಿತ್ತು, ಅಪ್ಪನ ಆ ಮುಖವೂ ಬೇಕಾಗಿತ್ತು.

ಸಂಜೆ ಬಂದ ಅಮ್ಮನಿಗೆ ಜಾಬ್ ಕಾರ್ಡು ಸಿಕ್ಕಿತು. ಸಿಗದೆ ಇರುತ್ತದೆಯೇ?

"ಮಗು ಏನು ನಿಮ್ಮ ಗೇರಾ? ಅದ್ದಿ ಅದ್ದಿ ನೋಡೋಕೆ?"

"ಸುಮ್ಸುಮ್ನೆ ಹೆದ್ರೋದಕ್ಕಿಂತ ತಿಳ್ಕೊಂಡು ಹೆದ್ರೋದು ಒಳ್ಳೇದಲ್ವಾ ಸರೋಜ? ಬರೆದಿದೀನಿ ನೋಡು. ಇಪ್ಪತ್ತೇಳರಲ್ಲಿ ಏನೂ ಆಗಿಲ್ಲ."

ಅಮ್ಮ ಕಾರ್ಡು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಗಲ್ಲ ಹಿಡಿದು ಮುಖ ಎತ್ತಿದಳು.

"ನೀನ್ ಹೇಳೇ. ನಿಜವಾಗ್ಲೂ ಏನೂ ಆಗ್ಲಿಲ್ವಾ?"

"ಇಲ್ಲಮ್ಮ."

ಅಂಗಿಯ ಮಡಿಕೆ ಬಿಡಿಸಿ ನೋಡುವ ಹಾಗೆ ನನ್ನನ್ನು ಬಹಳ ಹೊತ್ತು ನೋಡಿದಳು. ತಪ್ಪು ಸಿಗಲಿಲ್ಲ. ಹೊರಡಲು ಒಪ್ಪಿದಳು, ಆದರೆ ಅವಳ ಷರತ್ತುಗಳೂ ಇದ್ದವು. ನೀರು ಮೂವತ್ತಿದ್ದರೆ ಮಾತ್ರ ಇಳಿಯಬೇಕು, ಸೊಂಟ ದಾಟಬಾರದು, ಹತ್ತೇ ನಿಮಿಷ, ಒಂದು ಚುಕ್ಕೆ ಕಂಡರೂ ಅಲ್ಲಿಗೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಸಮುದ್ರದ ಹೆಸರೆತ್ತಬಾರದು.

ಹೊರಡುವ ಮುಂಚೆ ಅಪ್ಪ ಉಡುಪಿ ಪಕ್ಕದ ಮಲ್ಪೆ ಬೀಚಿನ ಒಂದು ಲಾಡ್ಜಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ.

"ಸಾರ್, ಅಲ್ಲಿ ಸಮುದ್ರದ ನೀರು ಈಗ ಎಷ್ಟು ಡಿಗ್ರಿ ಇರುತ್ತೆ?"

"ಎಂತದು? ಸಮುದ್ರದ್ದಾ?" ಆ ಕಡೆಯವರು ಗಟ್ಟಿಯಾಗಿ ನಕ್ಕರು. "ಅದಕ್ಕೆ ನಾವು ಗೀಸರ್ ಇಟ್ಟಿಲ್ಲ ಮಾರಾಯ್ರೆ! ಬೆಚ್ಚಗೆ ಉಂಟು, ನೀವು ಬನ್ನಿ."

ಅಪ್ಪನಿಗೆ ನಗು ಬರಲಿಲ್ಲ. ಮೀಟರನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದರು. ಅಮ್ಮ ಮಾತ್ರೆ, ಫ್ಲಾಸ್ಕು, ಗೌರಮ್ಮ ಕೊಟ್ಟ ಕರಿಕಂಬಳಿ ತುಂಬಿಕೊಂಡಳು. ಮೇ ತಿಂಗಳ ಸೆಕೆಯಲ್ಲಿ ಕಂಬಳಿ ಹೊತ್ತು ಸಮುದ್ರಕ್ಕೆ ಹೊರಟ ಸಂಸಾರ ನಮ್ಮದೊಂದೇ ಇರಬೇಕು. ನೆಲಮಂಗಲದಲ್ಲಿ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಇಳಿದೆವು. ದಾರಿಯುದ್ದಕ್ಕೂ ಅವರಿಬ್ಬರ ನಡುವೆ ಕೂತಿದ್ದ ನಾನು, ಈಗ ಹೇಳಲೇ, ಶಿರಾಡಿ ಘಾಟಿ ಇಳಿದ ಮೇಲೆ ಹೇಳಲೇ ಅಂತ ಯೋಚಿಸುತ್ತಲೇ ಉಡುಪಿ ತಲುಪಿದೆ.

ಸಮುದ್ರ ಕಂಡ ಗಳಿಗೆ ನನಗೆ ನೆನಪಿದೆ, ಆದರೆ ಅದರ ಬಗ್ಗೆ ಬರೆಯಲು ಕೂತರೆ ಎದೆ ಹೊಡೆದುಕೊಂಡಿದ್ದೇ ಜಾಸ್ತಿ ನೆನಪಾಗುತ್ತದೆ. ಒಂಬತ್ತು ಗಂಟೆಗೆ ಅಪ್ಪ ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಮೀಟರ್ ಅದ್ದಿದರು. ಇಪ್ಪತ್ತೊಂಬತ್ತು ಮತ್ತು ಚಿಲ್ಲರೆ. ಸುತ್ತಲಿದ್ದವರು, ಇದ್ಯಾವ ಸರಕಾರಿ ಆಫೀಸರಪ್ಪ ಅನ್ನುವಂತೆ ನೋಡಿದರು. ಲಾಡ್ಜಿನ ಯಜಮಾನರು ಪಂಚೆ ಎತ್ತಿಕಟ್ಟಿಕೊಂಡು ಬಂದು ನಿಂತರು.

"ಮಗುವನ್ನು ಈಗಲೇ ಇಳಿಸಿ ಮಾರಾಯ್ರೆ. ಮಧ್ಯಾಹ್ನ ಮೇಲೆ ಗಾಳಿ ಏಳ್ತದೆ, ಮತ್ತೆ ಚಂದ ಇಲ್ಲ."

"ಇನ್ನೂ ಮೂವತ್ತಾಗಿಲ್ಲ ಸಾರ್. ಬಿಸಿಲು ಏರ್ಲಿ."

"ಮೂವತ್ತೇ ಬೇಕಾ ನಿಮ್ಗೆ?"

"ಮೂವತ್ತೇ ಬೇಕು," ಅಂದಳು ಅಮ್ಮ. ಅವತ್ತು ಗಂಡ ಹೆಂಡತಿ ಒಂದೇ ಮಾತಿನಲ್ಲಿ ನಿಂತಿದ್ದು ಇದೊಂದಕ್ಕೆ.

ಹನ್ನೆರಡಕ್ಕೆ ಮೂವತ್ತು ಮುಟ್ಟಿತು. ಅಪ್ಪನಿಗೆ ಆಸೆ, ಇನ್ನೂ ಸ್ವಲ್ಪ ಏರಬಹುದು. ಮೂರು ಗಂಟೆಗೆ ಮೂವತ್ತು ದಾಟಿ ಅರ್ಧ. ಅಷ್ಟು ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಎದ್ದು ಅಮ್ಮನ ಸೆರಗು ಪಟಪಟ ಹೊಡೆಯುತ್ತಿತ್ತು, ಐಸ್‌ಕ್ರೀಮ್ ಗಾಡಿಯವನು ಛತ್ರಿ ಮಡಚಿ ಕಟ್ಟುತ್ತಿದ್ದ. ನಾವು ಮೂವರೂ ಮೀಟರಿನ ಮುಖ ನೋಡುತ್ತಿದ್ದೆವು.

ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡು ಹಿಂದೆ ಹಿಂದೆ ನಡೆಯುತ್ತಾ ನನ್ನನ್ನು ನೀರಿಗಿಳಿಸಿದರು. ಪಾದ, ಮೊಣಕಾಲು, ಸೊಂಟ. ಬೆಚ್ಚಗಿತ್ತು! ಅಲೆಯೊಂದು ಬಂದು ನನ್ನನ್ನು ಎತ್ತಿ ಇಟ್ಟಿತು. ಕಾಲಡಿಯ ಮರಳು ಜಾರಿತು. ಕ್ಲಾಸಿನವರು ಹೇಳಿದ್ದೆಲ್ಲ ನಿಜವಾಗಿತ್ತು. ನಾನು ಕಿರುಚಿಕೊಂಡೆ, ಅಪ್ಪನೂ ಕಿರುಚಿದರು, ದಡದಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದ ಅಮ್ಮನೂ ನಕ್ಕಳು. ಒಂದು ಐದು ನಿಮಿಷ ನಾವು ಮೂವರೂ ಒಟ್ಟಿಗೆ ಸುಖವಾಗಿದ್ದೆವು. ಆಮೇಲೆ ತೊಡೆಯ ಒಳಗೆ ಇರುವೆ ಹರಿಯಿತು.

"ಹೆಂಗಿದೆ ಪುಟ್ಟಿ?"

"ಚೆನ್ನಾಗಿದೆ."

ಹೊಟ್ಟೆಯ ಸುತ್ತ, ಬೆನ್ನಿನ ಮೇಲೆ, ಕಂಕುಳಲ್ಲಿ. ಅಪ್ಪ ಕೈ ಹಿಡಿದಿದ್ದರಿಂದ ಕೆರೆಯಲಾಗಲಿಲ್ಲ, ಹಲ್ಲು ಕಚ್ಚಿಕೊಂಡೆ. ಈಗ ಹೇಳಿದರೆ ಅಮ್ಮ ನೀರಿಗೇ ಇಳಿದು ಬಂದು ಅಪ್ಪನನ್ನು ಎಲ್ಲರ ಮುಂದೆ ಬಯ್ಯುತ್ತಾಳೆ, ಊರಿನವರೆಗೂ ಜಗಳ, ಊರಿಗೆ ಹೋದ ಮೇಲೂ ಜಗಳ. ಹತ್ತು ನಿಮಿಷ ತಾನೇ, ಮುಗಿದೇ ಹೋಗುತ್ತದೆ.

"ಸುಸ್ತಾಯ್ತಾ?"

"ಇಲ್ಲಪ್ಪ, ಚೆನ್ನಾಗಿದೆ."

ಹತ್ತು ನಿಮಿಷಕ್ಕೆ ಸರಿಯಾಗಿ ಅಪ್ಪ ನನ್ನನ್ನು ಹೊರಗೆ ತಂದರು. ನೀರಿನಿಂದ ಮೇಲೆ ಬಂದ ಕೂಡಲೇ ಗಾಳಿ ಬಂದು ಬಡಿಯಿತು. ನೀರಿನಲ್ಲಿ ಇಲ್ಲದ ಚಳಿ ಆಗ ಆಯಿತು. ಮೈಮೇಲಿನ ಒದ್ದೆ ಬಟ್ಟೆ ತಣ್ಣಗೆ ಅಂಟಿಕೊಂಡು ಹಲ್ಲು ಕಟಕಟ ಅಂದವು. ಅಮ್ಮ ಟವೆಲ್ ಬಿಚ್ಚಿಕೊಂಡು ಓಡಿ ಬರುತ್ತಿದ್ದಳು. ನಾಲ್ಕು ಹೆಜ್ಜೆ ಹಾಕಿದೆನೋ ಐದು ಹೆಜ್ಜೆಯೋ, ಕಿವಿ ಗುಂಯ್ ಅಂದಿತು, ಅಮ್ಮನ ಬಾಯಿ ಆಡುತ್ತಿದ್ದರೂ ಮಾತು ಕೇಳಿಸಲಿಲ್ಲ, ಮರಳು ಬಂದು ಕೆನ್ನೆಗೆ ತಾಗಿತು. ನೀರಿನಲ್ಲೇ ಬಿದ್ದಿದ್ದರೆ ಈ ಪುಟಗಳನ್ನು ಬರೆಯಲು ನಾನಿರುತ್ತಿರಲಿಲ್ಲ.

ಕಣ್ಣು ಬಿಟ್ಟಾಗ ಒಂದು ಸಣ್ಣ ಕ್ಲಿನಿಕ್ಕಿನ ಮಂಚದ ಮೇಲಿದ್ದೆ. ಲಾಡ್ಜಿನ ಯಜಮಾನರು ತಮ್ಮ ಓಮ್ನಿಯಲ್ಲಿ ಎತ್ತಿ ಹಾಕಿಕೊಂಡು ಬಂದಿದ್ದರಂತೆ. ಎರಡು ಇಂಜೆಕ್ಷನ್ ಆಗಿತ್ತು. ತುಟಿ ದಪ್ಪಗಾಗಿ ಮಾತು ತೊದಲುತ್ತಿತ್ತು, ಕರಿಕಂಬಳಿ ಗಂಟಲವರೆಗೆ ಹೊದಿಸಿದ್ದರು. ಅಲ್ಲಿನ ಡಾಕ್ಟರು ವಯಸ್ಸಾದವರು. ಅಪ್ಪ ಮೀಟರು ತೋರಿಸಿ, ಕಾರ್ಡು ತೋರಿಸಿ ಎಲ್ಲ ವಿವರಿಸುತ್ತಿದ್ದರು. ಡಾಕ್ಟರು ತಾಳ್ಮೆಯಿಂದ ಕೇಳಿದರು.

"ನೀರು ಸರಿ. ಗಾಳಿ ನೋಡಿದ್ರಾ? ಒದ್ದೆ ಮೈಗೆ ಗಾಳಿ ಹೊಡೆದ್ರೆ ಚರ್ಮ ನೀರಿಗಿಂತ ತಂಪಾಗ್ತದೆ. ಮತ್ತೆ ಒಂದು ಕೈ ಅದ್ದಿ ನೋಡಿದ್ದು ಇಡೀ ಮೈಗೆ ಲೆಕ್ಕ ಆಗ್ತದಾ?"

ಅಪ್ಪ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತರು. ಶೆಡ್ಡಿನಲ್ಲಿ ಹೊಸಬರು ಬಂದಾಗಲೆಲ್ಲ ಅಪ್ಪ ಪಾಠ ಹೇಳುತ್ತಿದ್ದುದು ಇದನ್ನೇ. ಸಣ್ಣ ಪೀಸಿನಲ್ಲಿ ಬಂದ ರಿಸಲ್ಟು ದೊಡ್ಡ ಜಾಬಿನಲ್ಲಿ ಬರುವುದಿಲ್ಲ. ತೊಟ್ಟಿಯಿಂದ ತೆಗೆದ ಮೇಲೆ ಫ್ಯಾನಿನ ಗಾಳಿ ಎಲ್ಲಿಂದ ಬೀಸುತ್ತಿದೆ ನೋಡಿಕೊಳ್ಳಿ. ಕಬ್ಬಿಣಕ್ಕೆ ಗೊತ್ತಿದ್ದದ್ದು ಮಗಳಿಗೆ ಹೊಳೆಯಲಿಲ್ಲ. ಎರಡೂ ಅಂಗೈಯಲ್ಲಿ ಹಣೆ ಹಣೆ ಹೊಡೆದುಕೊಂಡರು. ಅಪ್ಪ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಸಂಜೆ ಆರಕ್ಕೆ ಲಾಡ್ಜಿನ ರೂಮಿಗೆ ಬಂದೆವು. ಯಜಮಾನರ ಮನೆಯಿಂದ ಬಿಸಿ ಗಂಜಿ, ಉಪ್ಪಿನಕಾಯಿ ಬಂತು. ಯಾರೂ ಮುಟ್ಟಲಿಲ್ಲ. ಅಮ್ಮ ಕಿಟಕಿಯ ಚಿಲಕ ಹಾಕಿ, ಫ್ಯಾನು ಆರಿಸಿ, ಅಪ್ಪನ ಎದುರು ಬಂದು ನಿಂತಳು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

"ಆಯ್ತಾ? ಸಮಾಧಾನ ಆಯ್ತಾ ನಿಮ್ಗೆ? ನಿಮ್ ಮೀಟರು, ನಿಮ್ ಕಾರ್ಡು. ನನ್ ಮಗೂನ ಕೊಂದ್ಬಿಡ್ತಿದ್ರಲ್ರೀ."

"ತಪ್ಪಾಯ್ತು ಸರೋಜ."

"ತಪ್ಪಂತೆ! ನಾಳೆ ಊರಿಗೆ ಹೋದ್ಮೇಲೆ ನಾನು ಇವಳನ್ನ ಕರ್ಕೊಂಡು ನಮ್ಮಮ್ಮನ ಮನೆಗೆ ಹೋಗ್ತೀನಿ. ಇವಳ ವಿಷಯಕ್ಕೆ ಇನ್ನು ನೀವು ಬರ್ಬೇಡಿ. ಬಕೆಟ್ಟಿಗೆ ಮೀಟರ್ ಬಿಡೋಕೂ ಬರ್ಬೇಡಿ."

ಅಪ್ಪ ತಲೆ ಎತ್ತಲಿಲ್ಲ. ಒಂದು ಮಾತಿಗೆ ಎರಡು ಮಾತು ಎಸೆಯುತ್ತಿದ್ದ ಮನುಷ್ಯ ಆಗಲಿ ಅನ್ನುವ ಹಾಗೆ ತಲೆಯಾಡಿಸಿದರು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಕಂಬಳಿ ಸರಿಸಿ ಎದ್ದು ಕೂತೆ.

"ಅಪ್ಪಂದಲ್ಲ ತಪ್ಪು. ಇಪ್ಪತ್ತೇಳು ಸುಳ್ಳು."

ಇಬ್ಬರೂ ತಿರುಗಿದರು.

"ಇಪ್ಪತ್ತೊಂಬತ್ತರಲ್ಲೇ ನವೆ ಆಗಿತ್ತು. ನಾನು ಹೇಳ್ಲಿಲ್ಲ. ಇಪ್ಪತ್ತೇಳರಲ್ಲಿ ಗಂಧೆನೂ ಎದ್ದಿತ್ತು, ಕೈ ತಿರುಗಿಸಿ ಇಟ್ಕೊಂಡಿದ್ದೆ. ಇವತ್ತು ನೀರಲ್ಲೂ ಆಯ್ತು. ಅಪ್ಪ ಕೇಳಿದ್ರು, ನಾನೇ ಚೆನ್ನಾಗಿದೆ ಅಂದೆ."

ಅಮ್ಮನ ಕೈ ಮೇಲೆದ್ದಿತು. ಹೊಡೆದೇ ಬಿಡುತ್ತಾಳೆ ಅಂದುಕೊಂಡೆ.

"ಯಾಕೆ? ಯಾಕೇ ಹೇಳ್ಲಿಲ್ಲ? ಸಾಯ್ತಿದ್ಯಲ್ಲೇ! ಬಾಯಿರ್ಲಿಲ್ವಾ ನಿಂಗೆ?"

"ಹೇಳಿದ್ರೆ ನೀವಿಬ್ರೂ ಜಗಳ ಆಡ್ತೀರಲ್ಲ."

ಎತ್ತಿದ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಗೋಡೆಯಾಚೆ ಯಾರದೋ ಟೀವಿಯಲ್ಲಿ ಜಾಹೀರಾತು ಬರುತ್ತಿತ್ತು. ಅಮ್ಮ ಮೆಲ್ಲಗೆ ಕೈ ಇಳಿಸಿ ಮಂಚದ ತುದಿಯಲ್ಲಿ ಕೂತಳು. ಅವಳದ್ದೇ ಅಲ್ಲದ ಒಂದು ಸಣ್ಣ ದನಿಯಲ್ಲಿ ಕೇಳಿದಳು.

"ಇನ್ನೂ ಎಷ್ಟು ಸಲ ಹಿಂಗೆ ಮುಚ್ಚಿಟ್ಟಿದೀಯ?"

ನಾನು ಹೇಳತೊಡಗಿದೆ. ಸ್ಕೂಲಿನ ನಲ್ಲಿ ನೀರಿಗೆ ಎದ್ದದ್ದು, ಸ್ವೆಟರಿನೊಳಗೆ ಅಡಗಿಸಿದ್ದು. ಯುಗಾದಿಯ ದಿನ ಅಮ್ಮ ಖುಷಿಯಾಗಿ ಒಬ್ಬಟ್ಟು ತಟ್ಟುತ್ತಿದ್ದಳು ಅಂತ ಬಚ್ಚಲಿನಲ್ಲಿ ನಿಂತು ಒಬ್ಬಳೇ ಕಂಬಳಿಗೆ ಉಜ್ಜಿಕೊಂಡದ್ದು. ಅಪ್ಪನಿಗೆ ಬೋನಸ್ ಬಂದ ದಿನ, ಅಮ್ಮನ ಹುಟ್ಟುಹಬ್ಬದ ದಿನ. ಒಂದು ಹೇಳಿದರೆ ಇನ್ನೊಂದು ನೆನಪಾಗುತ್ತಿತ್ತು. ಅತ್ತುಕೊಂಡು ಹೇಳಿದೆ, ತೊದಲಿಕೊಂಡು ಹೇಳಿದೆ. ನಡುವೆ ಒಮ್ಮೆ ಅಮ್ಮ ಅಪ್ಪನ ಕಡೆ ನೋಡಿದಳು. ಬಯ್ಯುತ್ತಾಳೆ ಅಂತ ನಾನು ನಿಲ್ಲಿಸಿದೆ.

"ನಾವೇನ್ ಮಾಡ್ಬಿಟ್ವಿ ಕಣ್ರೀ," ಅಂದಳು.

ಅಪ್ಪ ನೆಲದ ಮೇಲೆ ಸರಿದು ಬಂದು ಮಂಚದ ಪಕ್ಕದಲ್ಲಿ ಮೊಣಕಾಲೂರಿ ಕೂತರು. ಮೂಗು ಒರೆಸಿಕೊಂಡು ನನ್ನನ್ನೇ ಕೇಳಿದರು.

"ಈಗ ಹೆಂಗಿದೆ ಪುಟ್ಟಿ? ಇದ್ದ ಹಾಗೆ ಹೇಳು. ಏನ್ ಹೇಳಿದ್ರೂ ಪರ್ವಾಗಿಲ್ಲ."

ಚೆನ್ನಾಗಿದೆ ಅನ್ನುವುದು ಅಭ್ಯಾಸದಂತೆ ತುಟಿಗೆ ಬಂದಿತ್ತು. ನುಂಗಿದೆ.

"ಎಡಗಾಲು ನವೆ ಆಗ್ತಿದೆ," ಅಂದೆ. "ಪಾದದ ಹತ್ರ. ತುಂಬಾ."

ಇಬ್ಬರೂ ಒಟ್ಟಿಗೇ ಬಗ್ಗಿದರು. ಅಮ್ಮನ ಹಣೆ ಅಪ್ಪನ ಹಣೆಗೆ ಟಣ್ಣನೆ ಹೊಡೆಯಿತು. ಯಾರೂ ಯಾರನ್ನೂ ಏನೂ ಅನ್ನಲಿಲ್ಲ. ನಾಲ್ಕು ಕೈಗಳು ನನ್ನ ಒಂದು ಪಾದವನ್ನು ಹಿಡಿದುಕೊಂಡು ಉಜ್ಜತೊಡಗಿದವು.